ಬಸಿರಿನ ನಾಲ್ಕನೆಯ ತಿಂಗಳು

ಗರ್ಭಿಣಿಯರ ವಿಷಯವಾಗಿ ಭೌತಶಾಸ್ತ್ರದ ಅಧ್ಯಾಪಕನೊಬ್ಬ ಲೇಖನಿ ಹಿಡಿಯುವುದು ಕೆಲವರಿಗೆ ಅಧಿಕಪ್ರಸಂಗವಾಗಿ ತೋರೀತು. ವೈದ್ಯರು ಹೇಳಬೇಕಾದುದನ್ನು ವೈದ್ಯರೇ ಹೇಳಲಿ ಎಂಬ ಮಾತು ನ್ಯಾಯವಾದದ್ದೇ. ಆದರೆ ನಮ್ಮ ಪ್ರಯೋಗಶಾಲೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ನನ್ನನ್ನು ಈ ಪ್ರಸ್ತಾಪಕ್ಕೆ ಎಳೆದು ತಂದಿದೆ.

ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಸ್ಪೆಕ್ಟ್ರೋಮೀಟರಿನ ಮುಂದೆ ಮುಕ್ಕಾಲು ಗಂಟೆಯಿಂದ ನಿಂತು ಅಳತೆಗಳನ್ನು ಬರೆದುಕೊಳ್ಳುತ್ತಿದ್ದಳು. ಇದ್ದಕ್ಕಿದ್ದಂತೆ ಆಕೆಯ ಮುಖ ಬಿಳಿಚಿಕೊಂಡಿತು. ಮೇಜಿನ ಅಂಚನ್ನು ಹಿಡಿದುಕೊಂಡೇ ನೆಲಕ್ಕೆ ಕುಸಿದಳು. ಬೆಳಗಿನ ಉಪಾಹಾರ ಬಿಟ್ಟಿರಬೇಕೆಂದು ಒಬ್ಬರೆಂದರು. ಕತ್ತಲೆಕೋಣೆಯ ಸೆಕೆಯೆಂದು ಇನ್ನೊಬ್ಬರೆಂದರು. ಮಲಗಿಸಿ, ಕಾಲನ್ನು ಸ್ವಲ್ಪ ಎತ್ತರಕ್ಕಿರಿಸಿ, ನೀರು ಕೊಟ್ಟಮೇಲೆ ಐದಾರು ನಿಮಿಷಗಳಲ್ಲಿ ಸರಿಹೋದಳು. ಆಕೆಗೆ ವಿವಾಹವಾಗಿ ಒಂದು ವರ್ಷವಾಗಿತ್ತು. ಆಗ ನಾಲ್ಕನೆಯ ತಿಂಗಳು ಎಂಬ ಸಂಗತಿ ಗೆಳತಿಯರ ಮೂಲಕ ನಮಗೆ ತಿಳಿದದ್ದು ಆಮೇಲೆ. “ಮೂರು ತಿಂಗಳು ಕಳೆಯಿತಲ್ಲ, ವಾಂತಿಯೂ ನಿಂತಿತಲ್ಲ, ಇನ್ನೇನು ಭಯವಿಲ್ಲ, ಹೋಗಿ ಬಾ” ಎಂದು ಮನೆಯವರು ಕಳುಹಿಸಿದ್ದರಂತೆ. ಒಂದು ವಾರದ ಹಿಂದೆಯಷ್ಟೇ ಅದೇ ತರಗತಿಗೆ ದ್ರವಸ್ತಂಭದ ಒತ್ತಡವನ್ನೂ ಕಿರಿದಾದ ಕೊಳವೆಗಳಲ್ಲಿ ದ್ರವ ಹರಿಯುವ ನಿಯಮವನ್ನೂ ಪಾಠ ಹೇಳಿದ್ದವನು ನಾನೇ. ಆ ನಿಯಮಗಳು ಕಣ್ಣೆದುರಿಗೆ ನಿಂತಿದ್ದ ಒಂದು ದೇಹಕ್ಕೆ ಅನ್ವಯಿಸುತ್ತವೆಂಬುದು ಹೇಳಿದವನಿಗೂ ಹೊಳೆಯಲಿಲ್ಲ, ಕೇಳಿದವರಿಗೂ ಹೊಳೆಯಲಿಲ್ಲ.

ಗರ್ಭದ ಎರಡನೆಯ ತ್ರೈಮಾಸಿಕವನ್ನು ನೆಮ್ಮದಿಯ ಕಾಲವೆಂದು ಕರೆಯುವುದು ವಾಡಿಕೆ. ಆ ಹೆಸರಿಗೆ ನನ್ನ ಆಕ್ಷೇಪಣೆಯಿಲ್ಲ. ಆದರೆ ನೆಮ್ಮದಿಯೆಂಬ ಹೆಸರಿನಿಂದಲೇ ಮನೆಯವರೂ ನೆರೆಯವರೂ ಕಾಲೇಜಿನವರೂ ಆಕೆಯನ್ನು ಮರೆಯುತ್ತಾರೆ. ಮುಂದಿನ ಆರು ತಿಂಗಳ ಯೋಗಕ್ಷೇಮ ನಿರ್ಧಾರವಾಗುವುದು ಬಹುಮಟ್ಟಿಗೆ ಈ ವಾರಗಳಲ್ಲಿ ಸದ್ದಿಲ್ಲದೆ ನಡೆಯತಕ್ಕ ಕೆಲಸಗಳಿಂದ. ಅವುಗಳನ್ನು ಹುಡುಗಿಯರಂತೆ ಹುಡುಗರೂ ತಿಳಿದಿರಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಎಣಿಕೆಯ ಮಾತು. ಸ್ಕ್ರೂಗೇಜನ್ನು ಹಿಡಿದವರಿಗೆಲ್ಲ ಶೂನ್ಯದೋಷವೆಂದರೇನೆಂದು ಗೊತ್ತು. ಗರ್ಭಕಾಲದ ಎಣಿಕೆಯಲ್ಲಿ ಅಂಥದೊಂದು ಶೂನ್ಯದೋಷವನ್ನು ವೈದ್ಯಶಾಸ್ತ್ರ ತಿಳಿದೇ ಇರಿಸಿಕೊಂಡಿದೆ. ಗರ್ಭ ನಿಂತ ದಿನ ಸಾಮಾನ್ಯವಾಗಿ ಯಾರಿಗೂ ನಿಶ್ಚಯವಾಗಿ ತಿಳಿಯದು. ಕೊನೆಯ ಮುಟ್ಟಿನ ಮೊದಲ ದಿನ ನೆನಪಿರುತ್ತದೆ. ಆದಕಾರಣ ಆ ದಿನವನ್ನೇ ಸೊನ್ನೆಯೆಂದಿಟ್ಟುಕೊಂಡು ೪೦ ವಾರ, ಅಂದರೆ ೨೮೦ ದಿನ ಎಣಿಸುತ್ತಾರೆ. ಈ ಲೆಕ್ಕದ ಮೊದಲ ಎರಡು ವಾರಗಳಲ್ಲಿ ಗರ್ಭವೇ ಇರುವುದಿಲ್ಲವೆಂಬುದು ವಿನೋದದ ಸಂಗತಿ. ನಮ್ಮ ಹಿರಿಯರ ‘ಒಂಬತ್ತು ತಿಂಗಳು ಒಂಬತ್ತು ದಿನ’ವನ್ನು ಈಗಿನ ಕ್ಯಾಲೆಂಡರಿನ ತಿಂಗಳುಗಳಿಂದ ಗುಣಿಸಿ ನೋಡಿದರೆ ಸುಮಾರು ೨೮೩ ದಿನ ಬರುತ್ತದೆ. ಅಳತೆ ಕೆಟ್ಟದ್ದೇನಲ್ಲ! ಹದಿಮೂರು ವಾರ ತುಂಬಿತೆಂದರೆ ಎರಡನೆಯ ತ್ರೈಮಾಸಿಕ ಬಂದಿತೆಂದು ಕೆಲವರು, ಹದಿನಾಲ್ಕು ತುಂಬಬೇಕೆಂದು ಕೆಲವರು ಎಣಿಸುತ್ತಾರೆ. ಗೆರೆ ನಾವು ಎಳೆದದ್ದು. ಪ್ರಕೃತಿಗೆ ಅದರ ಗೊಡವೆಯಿಲ್ಲ.

ಈ ಹೊತ್ತಿಗೆ ಬಹುಮಂದಿ ಗರ್ಭಿಣಿಯರಿಗೆ ಓಕರಿಕೆ ಇಳಿಯುತ್ತದೆ, ಅನ್ನದ ವಾಸನೆ ಮತ್ತೆ ಸಹ್ಯವಾಗುತ್ತದೆ, ಬಳಲಿಕೆ ತಗ್ಗುತ್ತದೆ. ಗರ್ಭದ ಆರಂಭದಲ್ಲಿ ರಕ್ತದಲ್ಲಿ ಏರುವ ಎಚ್‌ಸಿಜಿ ಎಂಬ ಹಾರ್ಮೋನು ೮ರಿಂದ ೧೧ನೆಯ ವಾರದ ಸುಮಾರಿಗೆ ಶಿಖರವನ್ನು ಮುಟ್ಟಿ ಅನಂತರ ಇಳಿಯುತ್ತದೆ. ಓಕರಿಕೆಯ ಏರಿಳಿತವೂ ಹೆಚ್ಚುಕಡಿಮೆ ಅದೇ ದಾರಿ ಹಿಡಿಯುವುದರಿಂದ ಇದೇ ಕಾರಣವೆಂದು ಬಹುಕಾಲ ನಂಬಿದ್ದರು. ೨೦೨೩ರಲ್ಲಿ ಪ್ರಕಟವಾದ ಸಂಶೋಧನೆಯಾದರೋ ಮಾಸಿನಿಂದ ತಾಯಿಯ ರಕ್ತಕ್ಕೆ ಬರುವ ಜಿಡಿಎಫ್ ೧೫ ಎಂಬ ಪ್ರೊಟೀನಿನ ಕಡೆಗೆ ಬೆರಳು ತೋರಿಸಿತು. ಎರಡು ರೇಖೆಗಳು ಜತೆಯಾಗಿ ಇಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದೆಂಬ ಪಾಠವನ್ನು ಗ್ರಾಫ್ ಎಳೆಯುವ ವಿದ್ಯಾರ್ಥಿಗಳು ಇಲ್ಲಿಂದ ಕಲಿಯಬಹುದು. ಗರ್ಭಕೋಶವು ಸೊಂಟದ ಮೂಳೆಗಳ ಬಟ್ಟಲಿನಿಂದ ಮೇಲಕ್ಕೇಳುವುದರಿಂದ ಮೂತ್ರಕೋಶದ ಮೇಲಿನ ಒತ್ತಡವೂ ಕೆಲವು ಕಾಲ ಕಡಿಮೆಯಾಗುತ್ತದೆ. ಥಟ್ಟನೆ ಎದ್ದಾಗ ಕಿಬ್ಬೊಟ್ಟೆಯ ಪಕ್ಕದಲ್ಲಿ ಚುಳುಕೆಂದು ಎಳೆದಂತಾಗುವುದುಂಟು. ಗರ್ಭಕೋಶವನ್ನು ಹಿಡಿದಿರುವ ತಂತುಗಳು ಹಿಗ್ಗುವುದರ ಫಲವದು. ಮೂಗು ಕಟ್ಟುವುದು, ಹಲ್ಲುಜ್ಜುವಾಗ ವಸಡಿನಿಂದ ರಕ್ತ ಒಸರುವುದು ಇವೂ ಸಾಮಾನ್ಯ. ರಕ್ತಸ್ರಾವ, ನೀರು ಸೋರುವುದು, ಬಿಡದ ಹೊಟ್ಟೆನೋವು, ಜ್ವರ, ಉರಿಮೂತ್ರ ಇವು ಮಾತ್ರ ಸಾಮಾನ್ಯವಲ್ಲ. ಇವು ಕಂಡರೆ ಆ ದಿನವೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಮೂರು ತಿಂಗಳವರೆಗೆ ಯಾರಿಗೂ ಹೇಳಬಾರದೆಂಬ ನಮ್ಮ ಪದ್ಧತಿಗೆ ಒಂದು ಆಧಾರವುಂಟು. ಗರ್ಭಪಾತಗಳಲ್ಲಿ ಐದಕ್ಕೆ ನಾಲ್ಕರಷ್ಟು ಆ ಅವಧಿಯಲ್ಲಿಯೇ ಸಂಭವಿಸುತ್ತವೆ. ಆದರೆ ಇದರ ಪರಿಣಾಮವನ್ನು ನೋಡಿ: ಅತ್ಯಂತ ಬಳಲುವ ಕಾಲದಲ್ಲಿ ಸುದ್ದಿ ಯಾರಿಗೂ ಗೊತ್ತಿಲ್ಲ, ಗೊತ್ತಾಗುವ ಕಾಲಕ್ಕೆ ಆಕೆ ಗೆಲುವಾಗಿ ಕಾಣುತ್ತಾಳೆ. ಎರಡು ವಿಧದಲ್ಲಿಯೂ ಸಹಾಯ ತಪ್ಪುತ್ತದೆ.

ಇನ್ನು ಗೆಲುವಿನ ಹಿಂದೆ ನಡೆಯುವ ಕೆಲಸವನ್ನು ನೋಡೋಣ. ಗರ್ಭಕಾಲದ ಹಾರ್ಮೋನುಗಳು ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸುತ್ತವೆ. ಹೃದಯ ಮೊದಲಿಗಿಂತ ಹೆಚ್ಚು ರಕ್ತವನ್ನು ತಳ್ಳುತ್ತಿದ್ದರೂ ನಾಳಗಳ ಪ್ರತಿರೋಧ ಅದಕ್ಕಿಂತ ಹೆಚ್ಚಾಗಿ ತಗ್ಗುವುದರಿಂದ ರಕ್ತದ ಒತ್ತಡ ಇಳಿಯುತ್ತದೆ; ಅತ್ಯಂತ ಕೆಳಮಟ್ಟ ಮುಟ್ಟುವುದು ಈ ಎರಡನೆಯ ತ್ರೈಮಾಸಿಕದಲ್ಲಿಯೇ. ಇದರೊಡನೆ ಗುರುತ್ವಾಕರ್ಷಣೆಯನ್ನು ಸೇರಿಸಿ. ನಿಂತ ಮನುಷ್ಯನಲ್ಲಿ ಹೃದಯದಿಂದ ಪಾದದವರೆಗೆ ಸುಮಾರು ೧೨೦ ಸೆಂಟಿಮೀಟರಿನ ರಕ್ತಸ್ತಂಭವಿದೆ. ಸಾಂದ್ರತೆ, ಗುರುತ್ವ, ಎತ್ತರ ಈ ಮೂರರ ಗುಣಲಬ್ಧವನ್ನು ತೆಗೆದರೆ ಪಾದದಲ್ಲಿ ಹೆಚ್ಚುವ ಒತ್ತಡ ಪಾದರಸದ ೯೦ ಮಿಲಿಮೀಟರಿಗಿಂತ ತುಸು ಮೇಲೆ ಬರುತ್ತದೆ. ಸಡಿಲಗೊಂಡ ಕಾಲಿನ ಅಭಿಧಮನಿಗಳು ಈ ಒತ್ತಡಕ್ಕೆ ಉಬ್ಬಿ ರಕ್ತವನ್ನು ಅಲ್ಲಿಯೇ ನಿಲ್ಲಿಸಿಕೊಳ್ಳುತ್ತವೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಅದನ್ನು ಮೇಲಕ್ಕೇರಿಸುತ್ತವೆ. ಅಲುಗಾಡದೆ ನಿಂತಾಗ ಆ ಪಂಪು ಕೆಲಸ ಮಾಡದು. ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ನಡೆಯುವುದಕ್ಕಿಂತ ಸುಮ್ಮನೆ ನಿಲ್ಲುವುದೇ ಗರ್ಭಿಣಿಗೆ ಕಷ್ಟವಾಗುವುದು ಈ ಕಾರಣದಿಂದ. ರೇಷನ್ ಅಂಗಡಿಯ ಸಾಲು, ಬಸ್ಸಿನ ನಿಲುಗಡೆ, ಪ್ರಯೋಗಶಾಲೆಯ ಮೇಜು ಮೂರೂ ಇಲ್ಲಿ ಒಂದೇ.

ಕಿರಿದಾದ ಕೊಳವೆಯ ನಿಯಮವನ್ನು ಕೊಟ್ಟ ಫ್ರಾನ್ಸಿನ ಪ್ವಾಸೂಯ್ ಸ್ವತಃ ವೈದ್ಯಶಿಕ್ಷಣ ಪಡೆದವನು. ೧೮೪೦ರ ದಶಕದಲ್ಲಿ ಅವನನ್ನು ಕಾಡಿದ್ದು ರಕ್ತದ ಹರಿವಿನ ಸಮಸ್ಯೆಯೇ. ನಮ್ಮ ಪಠ್ಯಪುಸ್ತಕಗಳು ಇದನ್ನು ಹೇಳಲು ಮರೆಯುತ್ತವೆ. ಕೊಳವೆಯ ತ್ರಿಜ್ಯ ಎರಡು ಪಟ್ಟಾದರೆ, ಉಳಿದುದೆಲ್ಲ ಹಾಗೆಯೇ ಇದ್ದಲ್ಲಿ, ಹರಿವು ಹದಿನಾರು ಪಟ್ಟಾಗುತ್ತದೆ ಎಂಬುದು ಆ ನಿಯಮ. ಗರ್ಭಕೋಶದ ಗೋಡೆಯಲ್ಲಿ ಸುರುಳಿಯಾಕಾರದ ಕಿರುಧಮನಿಗಳಿವೆ. ಮಾಸಿನ ಜೀವಕೋಶಗಳು ಇವುಗಳ ಗೋಡೆಯೊಳಕ್ಕೆ ನುಗ್ಗಿ, ಬಿಗಿಹಿಡಿಯುವ ಸ್ನಾಯುವನ್ನು ಕರಗಿಸಿ, ಇವನ್ನು ಅಗಲವಾದ ಸಡಿಲ ಕಾಲುವೆಗಳನ್ನಾಗಿ ಮಾರ್ಪಡಿಸುತ್ತವೆ. ಮೊದಲ ತ್ರೈಮಾಸಿಕದಲ್ಲಿ ತೊಡಗಿದ ಈ ಕೆಲಸ ಸುಮಾರು ೨೦ನೆಯ ವಾರದವರೆಗೆ ಸಾಗುತ್ತದೆ. ರಕ್ತವು ನೀರಿನಂತೆ ಸರಳವಾದ ದ್ರವವಲ್ಲ, ಧಮನಿಯು ಗಾಜಿನ ನಳಿಗೆಯಲ್ಲ. ಹದಿನಾರೆಂಬ ಸಂಖ್ಯೆಯನ್ನು ಇಲ್ಲಿ ಅಕ್ಷರಶಃ ಹಿಡಿಯಬಾರದು. ಆದರೂ ಸ್ವಲ್ಪ ಅಗಲವಾದರೆ ಎಷ್ಟು ಲಾಭ, ಅಗಲವಾಗದಿದ್ದರೆ ಎಷ್ಟು ನಷ್ಟವೆಂಬುದು ಇದರಿಂದ ತಿಳಿಯುತ್ತದೆ. ಈ ಮಾರ್ಪಾಡು ಅರೆಬರೆಯಾದವರಲ್ಲಿಯೇ ಎಷ್ಟೋ ಸಲ, ೨೦ನೆಯ ವಾರ ಕಳೆದಮೇಲೆ, ರಕ್ತದ ಒತ್ತಡ ಅಪಾಯದ ಮಟ್ಟಕ್ಕೇರತಕ್ಕ ಪ್ರಿ–ಎಕ್ಲಾಂಪ್ಸಿಯ ಎಂಬ ಕಾಯಿಲೆ ತೋರಿಕೊಳ್ಳುತ್ತದೆ. ಹಿಂದಿನ ಬಸಿರಿನಲ್ಲಿ ಆ ತೊಂದರೆ ಪಟ್ಟವರಿಗೆ ವೈದ್ಯರು ಅಲ್ಪಪ್ರಮಾಣದ ಆಸ್ಪಿರಿನ್ ಕೊಡುವುದಾದರೆ ೧೬ ವಾರ ತುಂಬುವುದರೊಳಗೆ ಆರಂಭಿಸಲು ನೋಡುತ್ತಾರೆ. ಅದನ್ನು ಸ್ವಂತ ಬುದ್ಧಿಯಿಂದ ನುಂಗತಕ್ಕದ್ದಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಏಳನೆಯ ತಿಂಗಳಲ್ಲಿ ಮೊದಲ ಬಾರಿಗೆ ತಪಾಸಣೆಗೆ ಹೋದವರಿಗೆ ಈ ಅವಕಾಶ ಕಳೆದುಹೋಗಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ರಕ್ತದ ಲೆಕ್ಕ. ಇದನ್ನು ಕಾಗದ ಪೆನ್ಸಿಲು ಹಿಡಿದೇ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಗರ್ಭಕಾಲದಲ್ಲಿ ತಾಯಿಯ ರಕ್ತದ ದ್ರವಭಾಗವಾದ ಪ್ಲಾಸ್ಮಾ ಶೇಕಡ ೪೦ರಿಂದ ೫೦ರಷ್ಟು ಹೆಚ್ಚುತ್ತದೆ. ಕೆಂಪುಕಣಗಳು ಶೇಕಡ ೨೦ರಿಂದ ೩೦ರಷ್ಟು ಮಾತ್ರ. ಪ್ಲಾಸ್ಮಾದ ಏರಿಕೆ ಬಿರುಸಾಗುವುದು ಎರಡನೆಯ ತ್ರೈಮಾಸಿಕದಲ್ಲಿ. ಉದಾಹರಣೆಗೆ ೪ ಲೀಟರು ರಕ್ತವಿರುವ ಒಬ್ಬಾಕೆಯನ್ನು ತೆಗೆದುಕೊಳ್ಳೋಣ: ೨.೫ ಲೀಟರು ಪ್ಲಾಸ್ಮಾ, ೧.೫ ಲೀಟರು ಕಣಗಳು. ಹಿಮೋಗ್ಲೋಬಿನ್ ಡೆಸಿಲೀಟರಿಗೆ ೧೨ ಗ್ರಾಂ ಇದ್ದರೆ ದೇಹದಲ್ಲಿ ಒಟ್ಟು ೪೮೦ ಗ್ರಾಂ ಆಯಿತು. ಏರಿಕೆ ಪೂರ್ತಿಯಾದಾಗ ಪ್ಲಾಸ್ಮಾ ೩.೬ ಲೀಟರು, ಕಣಗಳು ೧.೯ ಲೀಟರು, ಒಟ್ಟು ೫.೫ ಲೀಟರು. ಕಣಗಳು ಕಾಲುಭಾಗ ಹೆಚ್ಚಿದ್ದರಿಂದ ಹಿಮೋಗ್ಲೋಬಿನ್ ೬೦೦ ಗ್ರಾಮಿಗೇರಿತು. ಭಾಗಿಸಿ ನೋಡಿ: ಡೆಸಿಲೀಟರಿಗೆ ೧೦.೯ ಗ್ರಾಂ. ಹಿಮೋಗ್ಲೋಬಿನ್ ೧೨೦ ಗ್ರಾಂ ಹೆಚ್ಚಿದೆ, ಪರೀಕ್ಷೆಯ ಕಾಗದದಲ್ಲಿ ಮಾತ್ರ ಇಳಿದಿದೆ! ಬೇಳೆ ಹೆಚ್ಚು ಹಾಕಿಯೂ ನೀರು ಅದಕ್ಕಿಂತ ಹೆಚ್ಚು ಸುರಿದ ಸಾರಿನಂತೆ. ವಿಶ್ವ ಆರೋಗ್ಯ ಸಂಸ್ಥೆ ರಕ್ತಹೀನತೆಯ ಗೆರೆಯನ್ನು ಮೊದಲ ಮತ್ತು ಮೂರನೆಯ ತ್ರೈಮಾಸಿಕದಲ್ಲಿ ೧೧ಕ್ಕೂ ಎರಡನೆಯದರಲ್ಲಿ ೧೦.೫ಕ್ಕೂ ಇರಿಸಿರುವುದು ಇದನ್ನು ಗಮನಿಸಿಯೇ. ತೆಳುವಾದ ರಕ್ತ ಸುಲಭವಾಗಿ ಹರಿಯುತ್ತದೆಂಬ ಅನುಕೂಲವೂ ಉಂಟು.

“ಬಸಿರಿಯರಿಗೆ ರಕ್ತ ಕಡಿಮೆಯಾಗುವುದು ಸಹಜ” ಎಂದು ಇಲ್ಲಿಗೆ ಬಿಡುವವರಿದ್ದಾರೆ. ಅವರಿಗಾಗಿ ಲೆಕ್ಕದ ಎರಡನೆಯ ಭಾಗ. ಅದೇ ನಾಲ್ಕು ಲೀಟರಿನ ಇನ್ನೊಬ್ಬಾಕೆ ೧೦ ಗ್ರಾಮಿನಿಂದಲೇ ಹೊರಟಳೆನ್ನಿ. ದೇಹದಲ್ಲಿ ೪೦೦ ಗ್ರಾಂ. ಕಬ್ಬಿಣ ದೊರೆಯದೆ ಆಕೆಯ ಕಣಗಳು ಹೆಚ್ಚಲೇ ಇಲ್ಲ, ಪ್ಲಾಸ್ಮಾ ಮಾತ್ರ ೩.೬ಕ್ಕೆ ಏರಿತು. ೪೦೦ನ್ನು ೫.೧ ಲೀಟರಿನಿಂದ ಭಾಗಿಸಿದರೆ ೭.೮. ಏಳಕ್ಕಿಂತ ಕೆಳಗೆ ತೀವ್ರ ರಕ್ತಹೀನತೆ. ಪ್ರಸವದಲ್ಲಿ ಸ್ವಲ್ಪ ರಕ್ತ ಹೋಗಿಯೇ ಹೋಗುತ್ತದೆ. ಮೊದಲನೆಯ ತಾಯಿ ತಾಳಿಕೊಳ್ಳುವಷ್ಟನ್ನು ಎರಡನೆಯವಳು ತಾಳಲಾರಳು. ಹೊರಗಿನ ನೋಟಕ್ಕೆ ನಾಲ್ಕನೆಯ ತಿಂಗಳಲ್ಲಿ ಇಬ್ಬರೂ ಒಂದೇ ಬಗೆಯಾಗಿ ಗೆಲುವಾಗಿದ್ದರು. ೨೦೧೯–೨೧ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇಕಡ ೫೨.೨ ಮಂದಿ ೧೧ರ ಗೆರೆಯ ಕೆಳಗಿದ್ದರು. ಎರಡನೆಯಾಕೆ ಕಲ್ಪನೆಯ ಉದಾಹರಣೆಯಾದರೂ ಅಪರೂಪದವಳಲ್ಲ.

ಇಡೀ ಗರ್ಭಕಾಲಕ್ಕೆ ಬೇಕಾಗುವ ಕಬ್ಬಿಣ ಸುಮಾರು ಒಂದು ಗ್ರಾಂ. ಸಣ್ಣ ಮೊಳೆಯೊಂದರಷ್ಟು ತೂಕ! ಆದರೆ ಕರುಳು ಅದನ್ನು ದಿನಕ್ಕೆ ಕೆಲವೇ ಮಿಲಿಗ್ರಾಮಿನಂತೆ ಹೀರಿಕೊಳ್ಳುತ್ತದೆ. ಕೊನೆಯ ತಿಂಗಳಲ್ಲಿ ಅವಸರಪಟ್ಟು ತುಂಬಲಾಗದು. ೨೦೧೮ರ ‘ಅನೀಮಿಯ ಮುಕ್ತ ಭಾರತ’ ಯೋಜನೆಯಲ್ಲಿ ದಿನಕ್ಕೆ ೬೦ ಮಿಲಿಗ್ರಾಂ ಕಬ್ಬಿಣ, ೫೦೦ ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ಮೊದಲುಗೊಂಡು ಕನಿಷ್ಠ ೧೮೦ ದಿನ ಕೊಡಬೇಕೆಂದು ವಿಧಿಸಿರುವುದು ಇದಕ್ಕಾಗಿ. ಆಶಾ ಕಾರ್ಯಕರ್ತೆ ಮಾತ್ರೆಯನ್ನು ತಂದುಕೊಡುತ್ತಾರೆ, ತಾಯಿ ಕಾರ್ಡಿನಲ್ಲಿ ಬರೆದೂ ಹೋಗುತ್ತಾರೆ. ಬಳಿಕ ಮಾತ್ರೆ ಗೂಡಿನಲ್ಲಿಯೇ ಉಳಿಯುತ್ತದೆ. ಮಗು ಕಪ್ಪಾಗುತ್ತದೆಂಬ ಭಯ ಒಂದು. ಮಲ ಕಪ್ಪಾದುದನ್ನು ಕಂಡು ಹುಟ್ಟಿದ ಭಯವಿರಬಹುದು. ಹೀರಿಕೊಳ್ಳದೆ ಉಳಿದ ಕಬ್ಬಿಣದ ಬಣ್ಣವದು. ಮಗುವಿನ ಮೈಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಮಲಬದ್ಧತೆ, ಹೊಟ್ಟೆ ತೊಳಸುವುದು ನಿಜವಾದ ತೊಂದರೆಗಳು. ಬಿಟ್ಟುಬಿಡುವ ಬದಲು ವೈದ್ಯರನ್ನು ಕೇಳಿದರೆ ಹೊತ್ತನ್ನೋ ಮಾತ್ರೆಯನ್ನೋ ಬದಲಾಯಿಸಿ ಕೊಡುತ್ತಾರೆ. ಕಾಫಿ, ಚಹಾ ಕುಡಿದ ಒಡನೆಯೇ ನುಂಗಿದರೆ ಕಬ್ಬಿಣ ಸರಿಯಾಗಿ ಒಳಸೇರದು. ಸುಣ್ಣದ, ಅಂದರೆ ಕ್ಯಾಲ್ಸಿಯಮ್ಮಿನ ಮಾತ್ರೆಯೊಡನೆಯೂ ಸೇರದು. ನಿಂಬೆಹಣ್ಣಿನ ಪಾನಕದೊಡನೆ ಚೆನ್ನಾಗಿ ಸೇರುತ್ತದೆ. ಇಷ್ಟನ್ನು ನೆನಪಿಡಲು ಎಂ.ಎಸ್ಸಿ. ಬೇಕಿಲ್ಲ, ಮನೆಯಲ್ಲಿರುವ ಹೈಸ್ಕೂಲು ಹುಡುಗ ಅತ್ತಿಗೆಗೋ ಅಕ್ಕನಿಗೋ ನೆನಪಿಸಿದರೆ ಸಾಕು.

ಉಣಿಸಿನ ವಿಷಯದಲ್ಲಿಯಾದರೋ ಮನೆಯವರ ಉತ್ಸಾಹ ಬೇರೆ ದಾರಿಗೆ ಹರಿಯುತ್ತದೆ. “ಎರಡು ಜೀವಕ್ಕೆ ಉಣ್ಣಬೇಕು” ಎಂದು ಅನ್ನದ ಗುಡ್ಡೆಯನ್ನೇ ಬಡಿಸುತ್ತಾರೆ. ಹದಿನಾಲ್ಕನೆಯ ವಾರದಲ್ಲಿ ಆ ಎರಡನೆಯ ಜೀವದ ತೂಕ ಒಂದು ನಿಂಬೆಹಣ್ಣಿನಷ್ಟು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ ೨೦೨೦ರಲ್ಲಿ ನಿಗದಿಪಡಿಸಿದ ಹೆಚ್ಚುವರಿ ಶಕ್ತಿ ದಿನಕ್ಕೆ ೩೫೦ ಕಿಲೊಕ್ಯಾಲೊರಿ. ವ್ಯಾಟುಗಳಲ್ಲಿ ಹೇಳುವುದಾದರೆ ೧೭. ಈಗಿನ ಎರಡು ಎಲ್‌ಇಡಿ ಬಲ್ಬುಗಳು ಉರಿಯುವಷ್ಟು. ಅನ್ನಕ್ಕಿಂತ ಬೇಳೆ, ಸೊಪ್ಪು, ಮೊಟ್ಟೆ, ಹಾಲು ಹೆಚ್ಚಾಗಬೇಕಾದ ಕಾಲವಿದು.

ಚೊಚ್ಚಲ ಬಸುರಿಗೆ ಇನ್ನೊಂದು ಚಿಂತೆ ಹತ್ತುವುದುಂಟು: ನಾಲ್ಕು ತಿಂಗಳಾದರೂ ಮಗು ಆಡಿದಂತೆ ತಿಳಿಯದಲ್ಲ! ಮಗು ಆಡುತ್ತಲೇ ಇರುತ್ತದೆ. ಕೈಕಾಲು ಚಾಚುತ್ತದೆ, ಮಗುಚುತ್ತದೆ, ಹೃದಯ ನಿಮಿಷಕ್ಕೆ ೧೫೦ರ ಸುಮಾರಿಗೆ ಬಡಿಯುತ್ತದೆ. ಆದರೆ ನಿಂಬೆಹಣ್ಣಿನಷ್ಟು ತೂಕದ ದೇಹ ಗರ್ಭಜಲದಲ್ಲಿ ತೇಲುತ್ತ ಒದ್ದರೆ ಅದರ ಸಂವೇಗ ಎಷ್ಟಿದ್ದೀತು? ಆ ಪೆಟ್ಟು ಗೋಡೆಯನ್ನು ದಾಟಿ ತಾಯಿಗೆ ತಿಳಿಯಲು ಚೊಚ್ಚಲಲ್ಲಿ ಸಾಮಾನ್ಯವಾಗಿ ೧೮ರಿಂದ ೨೦ ವಾರ ಬೇಕು. ಮುಂದಿನ ಬಸಿರುಗಳಲ್ಲಿ ಒಂದೆರಡು ವಾರ ಮೊದಲೇ ಗುರುತು ಸಿಕ್ಕುತ್ತದೆ.

ತಾಯಿಗೆ ತಿಳಿಯದ ಆ ಚಲನೆಯನ್ನು ತೋರಿಸುವ ಯಂತ್ರ ನಮ್ಮ ಶಾಸ್ತ್ರದ ಕೊಡುಗೆ. ಉಕ್ಕಿನಲ್ಲಿರುವ ಬಿರುಕನ್ನು ಕಂಡುಹಿಡಿಯಲು ಕಾರ್ಖಾನೆಗಳು ಬಳಸುತ್ತಿದ್ದ ಶ್ರವಣಾತೀತ ಧ್ವನಿಯನ್ನು ಗ್ಲಾಸ್ಗೋ ನಗರದ ಪ್ರಸೂತಿತಜ್ಞ ಇಯನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಪರೀಕ್ಷೆಗೆ ತಿರುಗಿಸಿ ೧೯೫೮ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಅಂಗರಚನೆಯ ದೋಷ, ಅವಳಿ ಜವಳಿ, ಮಾಸಿನ ಸ್ಥಾನ ಇವನ್ನೆಲ್ಲ ಇಂದು ಅದು ತೋರಿಸುತ್ತದೆ. ಹೇಳಲು ನಾಚಿಕೆಯಾಗುವ ಮಾತೆಂದರೆ ಮಗುವಿನ ಲಿಂಗದ ಗುರುತುಗಳು ಸ್ಪಷ್ಟವಾಗತೊಡಗುವುದೂ ಇದೇ ವಾರಗಳಲ್ಲಿ. ನೆಮ್ಮದಿಯ ಕಾಲವೆಂದು ಎಲ್ಲವನ್ನೂ ಮರೆತ ಮನೆಯವರು ಮರೆಯದೆ ಕೇಳುವ ಪ್ರಶ್ನೆ ಒಂದೇ: ಗಂಡೋ, ಹೆಣ್ಣೋ? ೧೯೯೪ರ ಕಾಯಿದೆ ಇದನ್ನು ಪತ್ತೆಮಾಡಿ ತಿಳಿಸುವುದನ್ನು ಅಪರಾಧವೆಂದು ಸಾರಿತು. ೨೦೦೩ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಆರು ವಯಸ್ಸಿನವರೆಗಿನ ಸಾವಿರ ಗಂಡುಮಕ್ಕಳಿಗೆ ೧೯೯೧ರ ಜನಗಣತಿಯಲ್ಲಿ ೯೪೫ ಹೆಣ್ಣುಮಕ್ಕಳಿದ್ದರು, ೨೦೦೧ರಲ್ಲಿ ೯೨೭. ೨೦೧೧ರಲ್ಲಿ ಇನ್ನೂ ಕಡಿಮೆ. ನಾಲ್ಕನೆಯ ತಿಂಗಳಲ್ಲಿ ಕೇಳತಕ್ಕ ಪ್ರಶ್ನೆ ಬೇರೆಯೇ ಇದೆ: ಹಿಮೋಗ್ಲೋಬಿನ್ ಎಷ್ಟಿದೆ, ರಕ್ತದ ಒತ್ತಡ ಎಷ್ಟಿದೆ? ಎರಡನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ನೋಡುತ್ತಾರೆ. ಎರಡು, ಮೂರನೆಯ ತ್ರೈಮಾಸಿಕದವರಿಗೆಂದೇ ಪ್ರತಿ ತಿಂಗಳ ೯ನೆಯ ತಾರೀಖಿನ ತಪಾಸಣೆ ೨೦೧೬ರಲ್ಲಿ ಏರ್ಪಾಡಾಗಿದೆ.

ಇವೆಲ್ಲ ಹುಡುಗರಿಗೇಕೆ ಎಂದು ಕೇಳುವ ಹಿರಿಯರಿದ್ದಾರೆ. ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ “ಇದನ್ನು ಮನೆಯಲ್ಲಿ ಓದಿಕೊಳ್ಳಿ” ಎಂದು ಪುಟ ಮಗುಚುವ ಅಧ್ಯಾಪಕರನ್ನು ನಾನೂ ವಿದ್ಯಾರ್ಥಿಯಾಗಿದ್ದಾಗ ಕಂಡಿದ್ದೇನೆ. ಮನೆಯಲ್ಲಿ ಯಾರೂ ಓದಿಕೊಳ್ಳಲಿಲ್ಲ. ಆ ತರಗತಿಯ ಹುಡುಗರು ಈಗ ಗಂಡಂದಿರು, ಬಸ್ಸಿನ ಕಂಡಕ್ಟರುಗಳು, ಕಚೇರಿಯ ಮೇಲಧಿಕಾರಿಗಳು. ಒಬ್ಬ ಪ್ರಯೋಗಶಾಲೆಯ ಅಧ್ಯಾಪಕನೂ ಆಗಿದ್ದಾನೆ. ಆಸನ ಕೊಡುವ ಅಥವಾ ಕೊಡದಿರುವ ಅಧಿಕಾರ ಬಹುಮಟ್ಟಿಗೆ ಅವರ ಕೈಯಲ್ಲಿದೆ.

ನಮ್ಮ ಪ್ರಯೋಗಶಾಲೆಗೆ ಸ್ಟೂಲುಗಳು ಬೇಕೆಂದು ಅರ್ಜಿ ಬರೆದೆ. ನಿಂತು ಪ್ರಯೋಗ ಮಾಡುವುದೇ ಶಿಸ್ತು, ಕುಳಿತರೆ ವಿದ್ಯಾರ್ಥಿಗಳು ಸೋಮಾರಿಗಳಾಗುತ್ತಾರೆ ಎಂಬ ಉತ್ತರ ಬಂದಿತು. ರಕ್ತಸ್ತಂಭದ ಲೆಕ್ಕವನ್ನು ಬರೆದು ಎರಡನೆಯ ಅರ್ಜಿಯನ್ನು ಕೊಟ್ಟಿದ್ದೇನೆ. ಅದು ಇತ್ಯರ್ಥವಾಗುವವರೆಗೆ ವಾಚನಾಲಯದಿಂದ ನಾಲ್ಕು ಸ್ಟೂಲುಗಳನ್ನು ಎರವಲು ತಂದಿರಿಸಿದ್ದೇವೆ. ಆ ವಿದ್ಯಾರ್ಥಿನಿ ಉಳಿದಿದ್ದ ಅಳತೆಗಳನ್ನು ಮುಂದಿನ ವಾರ ಕುಳಿತುಕೊಂಡೇ ಮುಗಿಸಿದಳು.